ಗೊತ್ತಿಲ್ಲ ಎಂದವರು ಗಂಟೆ ಹೊಡೆಯಬೇಕು

ಅತ್ತಿಗೆಯನ್ನು ಹೊಗಳುವುದು ನಾದಿನಿಯರ ಜಾಯಮಾನಕ್ಕೆ ಒಗ್ಗುವ ಕೆಲಸವಲ್ಲ. ನಾನಂತೂ ಅವರ ಉಪ್ಪಿಗೊಂದು, ಸೊಪ್ಪಿಗೊಂದು ಮಾತು ಸೇರಿಸದೆ ಊಟ ಮುಗಿಸಿದವಳಲ್ಲ, ಈಗಲೂ ಅಷ್ಟೆ. ಆದರೆ ಮಗುವಿನ ವಿಷಯ ಬಂದರೆ ಮಾತ್ರ ಆ ಹೆಂಗಸಿನ ಮುಂದೆ ನನ್ನ ಬಾಯಿ ಕಟ್ಟಿಹೋಗುತ್ತದೆ. ನನ್ನ ಬಾಯಿ ಕಟ್ಟಿತು ಎಂದರೆ ಅದು ಸಾಮಾನ್ಯ ಸಂಗತಿಯಲ್ಲ ಎಂದು ನನ್ನನ್ನು ಬಲ್ಲವರು ಯಾರು ಬೇಕಾದರೂ ಹೇಳುತ್ತಾರೆ.

ಅಣ್ಣ ಅತ್ತಿಗೆಯರದು ಲಾಂಡ್ರಿ. ಕೆಳಗೆ ಅಂಗಡಿ, ಮೇಲೆ ಮನೆ, ಅದರ ಮೇಲಿನ ಒಂದು ಕೋಣೆ ನನ್ನದು. ಮುಂದೆ ಕೌಂಟರಿನಲ್ಲಿ ಅತ್ತಿಗೆ ಬಟ್ಟೆ ತೆಗೆದುಕೊಳ್ಳುತ್ತಾರೆ, ಕಲೆಗಳನ್ನು ಬೆಳಕಿಗೆ ಹಿಡಿದು ನೋಡುತ್ತಾರೆ, ಚೀಟಿ ಬರೆದು ಪಿನ್ನು ಚುಚ್ಚುತ್ತಾರೆ. ಹಿಂದೆ ಇಸ್ತ್ರಿ ಮೇಜಿನ ಬಳಿ ಅಣ್ಣ. ಅವನು ಮಾತಾಡುವುದು ಅಪರೂಪ. ಅವನ ಪರವಾಗಿ ಆವಿಯ ಇಸ್ತ್ರಿಯೇ ಆಗಾಗ ಬುಸ್ ಎನ್ನುತ್ತದೆ. ನಾನು ಎರಡು ಬೀದಿ ಆಚೆ ಹಲ್ಲಿನ ಡಾಕ್ಟರ ಬಳಿ ಸಹಾಯಕಿ. ದಿನವಿಡೀ ಜನರಿಗೆ ಬಾಯಿ ತೆಗೀರಿ, ಇನ್ನೂ ಸ್ವಲ್ಪ ಅಗಲ ಎನ್ನುವುದೇ ನನ್ನ ಕಸುಬು. ಅಂಥವಳ ಮನೆಯ ಮಗುವೇ ಬಾಯಿಗೆ ಬೀಗ ಹಾಕಿಕೊಂಡು ಕೂತಾಗ ನನಗಾದ ಸಂಕಟವನ್ನು ಯಾರ ಹತ್ತಿರ ಹೇಳಲಿ?

ಮಗುವಿಗೆ ನಾವಿಟ್ಟ ಅಡ್ಡಹೆಸರು ಯಾಕಮ್ಮ. ಮಾತು ಬಂದ ದಿನದಿಂದ ಯಾಕೆ ಎಂದು ಕೇಳದೆ ತುತ್ತು ನುಂಗಿದವಳಲ್ಲ. ಅಂಗಿಗಳ ಮೇಲಿನ ಚೀಟಿ ನೋಡುತ್ತಾ ನೋಡುತ್ತಾ ತಾನಾಗಿಯೇ ಓದು ಕಲಿತಳು. ಇನ್ನೂ ಹಾಲುಹಲ್ಲು ಬೀಳುತ್ತಿದ್ದ ವಯಸ್ಸಿನಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಬಟ್ಟೆಗಳನ್ನೆಲ್ಲ ಅದಲುಬದಲು ಮಾಡಿಟ್ಟಳು. ಗಿರಾಕಿಗಳು ಕೌಂಟರಿನ ಮುಂದೆ ಕಾಲು ಬದಲಿಸುತ್ತಾ ನಿಂತಿದ್ದಾರೆ, ಅಣ್ಣ ಬೆವರು ಒರೆಸಿಕೊಳ್ಳುತ್ತಾ ಕೋಟುಗಳ ಮಧ್ಯೆ ಮುಳುಗಿ ಏಳುತ್ತಿದ್ದಾನೆ. ಕೊನೆಗೆ ನೋಡಿದರೆ ಹದಿಮೂರು, ಹತ್ತೊಂಬತ್ತು, ಮೂವತ್ತೊಂದು ಇಂಥ ನಂಬರಿನವೆಲ್ಲ ಗೋಡೆ ಬದಿಯ ಕಂಬಿಯಲ್ಲಿ ಒಟ್ಟಿಗೆ ನೇತಾಡುತ್ತಿದ್ದವು.

"ಇವನ್ನ ಯಾವ ನಂಬರಿಂದಾನೂ ಭಾಗ ಮಾಡೋಕಾಗಲ್ಲ. ಇವಕ್ಕೆ ಜೊತೆಗೆ ಯಾರೂ ಇಲ್ಲ. ಅದಕ್ಕೆ ಎಲ್ಲಾನೂ ಒಂದೇ ಕಡೆ ಇಟ್ಟೆ," ಎಂದಳು ಯಾಕಮ್ಮ.

ನಾನು ನಕ್ಕೆ. ಅತ್ತಿಗೆ ನಗಲಿಲ್ಲ. ಮಗಳನ್ನು ಸುಮ್ಮನೆ ದಿಟ್ಟಿಸಿ ನೋಡಿದರು.

ಶಾಲೆಯಲ್ಲಿ ಅವಳಿಗೆ ಯಾರೂ ಕೆಟ್ಟದ್ದು ಮಾಡಲಿಲ್ಲ, ಅದನ್ನು ಹೇಳಿಬಿಡಬೇಕು. ಟೀಚರು ಒಳ್ಳೆಯವರೇ. ತರಗತಿ ತುಂಬ ಮಕ್ಕಳು. ಪ್ರಶ್ನೆ ಮುಗಿಯುವ ಮೊದಲೇ ಇವಳು ಉತ್ತರ ಹೇಳಿಬಿಡುತ್ತಿದ್ದಳು. ಅವರು "ಸರಿ, ಕೂತ್ಕೊ" ಎನ್ನುತ್ತಿದ್ದರು. ಆಮೇಲೆ ದಿನವೆಲ್ಲ ಇವಳ ಕಡೆ ತಿರುಗುತ್ತಿರಲಿಲ್ಲ. ತಿಳಿದವಳಿಗೆ ಇನ್ನೇನು ಹೇಳುವುದು, ತಿಳಿಯದವರನ್ನು ನೋಡಬೇಕಲ್ಲ? ಇವಳು ಮೊದಲು ಉತ್ತರ ಹೇಳುವುದನ್ನು ಬಿಟ್ಟಳು, ಆಮೇಲೆ ಮಾತು ಬಿಟ್ಟಳು, ಕೊನೆಗೆ ಬೆಳಗಿನ ತಿಂಡಿಯನ್ನೂ ಬಿಟ್ಟಳು. ಹೊಟ್ಟೆನೋವು ಎನ್ನುತ್ತಿದ್ದಳು. ಡಾಕ್ಟರಿಗೆ ಆ ಹೊಟ್ಟೆಯಲ್ಲಿ ಏನೂ ಸಿಗಲಿಲ್ಲ. ಮಗು ಸ್ವಲ್ಪ ಮಂದ ಇರಬಹುದು, ಕೆಳಗಿನ ತರಗತಿಗೆ ಹಾಕಿ ನೋಡೋಣ ಎಂದು ಶಾಲೆಯವರು ಹೇಳಿ ಕಳಿಸಿದ ದಿನ ಅತ್ತಿಗೆ ಅವಳ ಚೀಲ, ನೀರಿನ ಬಾಟಲಿ, ಚಳಿಯ ಟೋಪಿ ಎಲ್ಲವನ್ನೂ ಕೈಯಲ್ಲಿ ಹಿಡಿದು ಮಗುವಿನ ಸಮೇತ ಮನೆಗೆ ಬಂದರು.

"ನಾಳೆಯಿಂದ ಮನೇಲೇ ಕಲೀತಾಳೆ," ಎಂದರು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. "ಯಾರು ಕಲಿಸ್ತಾರೆ? ನೀವಾ? ಅವಳು ಕೇಳೋದು ನಂಗೇ ಅರ್ಥ ಆಗಲ್ಲ, ನಿಮಗೆ ಏನ್ ಗೊತ್ತಿದೆ ಅತ್ತಿಗೆ?"

"ನಂಗೆ ಬರಲ್ಲ ಕಣೆ. ಬರೋರನ್ನ ಹುಡುಕ್ತೀನಿ."

"ಎಲ್ಲಿ ಹುಡುಕ್ತೀರ?"

ಅತ್ತಿಗೆ ಯೋಚಿಸಿದರು. ಕೌಂಟರಿನ ಮೇಲೆ, ಗಿರಾಕಿಗಳು ನಮ್ಮನ್ನು ಕರೆಯಲು ಒತ್ತುವ ಹಿತ್ತಾಳೆಯ ಗಂಟೆಯೊಂದಿದೆ. "ಗೊತ್ತಿಲ್ಲ," ಎಂದು ಹೇಳಿ ಆ ಗಂಟೆಯ ತಲೆಗೆ ಟಿಂಗ್ ಎಂದು ಒಂದು ಬಾರಿಸಿದರು, ತಮ್ಮ ಗಿರಾಕಿ ತಾವೇ ಎನ್ನುವ ಹಾಗೆ. ಯಾಕಮ್ಮ ನಕ್ಕಳು. ಎಷ್ಟೋ ಕಾಲದ ಮೇಲೆ ಕೇಳಿದ ನಗು ಅದು. ಅಂದಿನಿಂದ ಅದು ಮನೆಯ ಕಟ್ಟಳೆಯಾಯಿತು. ಗೊತ್ತಿಲ್ಲ ಎಂದವರು ಗಂಟೆ ಹೊಡೆಯಬೇಕು, ಹೊಡೆದ ಮೇಲೆ ಗೊತ್ತಿರುವವರನ್ನು ಹುಡುಕಿ ಕರೆತರಬೇಕು.

ಮನೆಯಲ್ಲೇ ಕಲಿಸಲು ಅನುಮತಿಯೇನೋ ಸಿಕ್ಕಿತು, ಆದರೆ ಒಂದು ವರ್ಷಕ್ಕೆ ಮಾತ್ರ. ವರ್ಷ ಮುಗಿದಾಗ ಶಿಕ್ಷಣ ಇಲಾಖೆಯ ಅಧಿಕಾರಿ ಬಂದು ಮಗುವನ್ನು ಪರೀಕ್ಷಿಸುತ್ತಾರೆ. ಅವರಿಗೆ ಸರಿಕಂಡರೆ ಮುಂದುವರಿಸಬಹುದು. ಇಲ್ಲದಿದ್ದರೆ ಮತ್ತೆ ಅದೇ ಶಾಲೆ, ಅದೂ ಕೆಳಗಿನ ತರಗತಿ. ಅದನ್ನು ಕೇಳಿದ ಮೇಲೆ ಯಾಕಮ್ಮ ಆ ಶಾಲೆಯ ಬೀದಿಯಲ್ಲಿ ನಡೆಯುವುದನ್ನೇ ಬಿಟ್ಟಳು. ಸುತ್ತಾದರೂ ಸರಿ ಎಂದು ಬೇರೆ ದಾರಿ ಹಿಡಿಯುತ್ತಿದ್ದಳು.

ಅತ್ತಿಗೆ ಹುಡುಕಾಟಕ್ಕೆ ಇಳಿದರು. ಬುದ್ಧಿವಂತ ಮಕ್ಕಳ ತಂದೆ ತಾಯಿಯರ ಒಂದು ಕೂಟವಿದೆ ಎಂದು ಕೇಳಿ ಅಲ್ಲಿಗೆ ಹೋದರು. ಜೊತೆಗೆ ನಾನೂ ಹೋದೆ. ಅಲ್ಲಿ ಪ್ರತಿಯೊಬ್ಬರಿಗೂ ತಮ್ಮ ಕೋಳಿ ಕೂಗಿದ್ದರಿಂದಲೇ ಬೆಳಗಾದದ್ದು. ಒಬ್ಬರ ಮಗ ಸ್ನಾನ ಮಾಡುತ್ತಾ ಘನಮೂಲ ಹೇಳುತ್ತಾನಂತೆ, ಇನ್ನೊಬ್ಬರ ಮಗಳು ನಾಲ್ಕು ಭಾಷೆಯಲ್ಲಿ ಹಟ ಮಾಡುತ್ತಾಳಂತೆ. ಅತ್ತಿಗೆಯ ಸರದಿ ಬಂತು. ಅವರು ಯಾಕಮ್ಮನ ಬಗ್ಗೆ ಒಂದು ಮಾತೂ ಹೇಳದೆ, "ನಿಮ್ಮ ಮಕ್ಕಳು ಚೆನ್ನಾಗಿ ನಿದ್ದೆ ಮಾಡ್ತಾರಾ? ಜೊತೆಗೆ ಆಡೋಕೆ ಯಾರಾದ್ರೂ ಇದ್ದಾರಾ?" ಎಂದು ಕೇಳಿದರು. ಹೊರಡುವಾಗ ಬಾಗಿಲ ಬಳಿ ಆ ಘನಮೂಲದ ತಾಯಿ ಅತ್ತಿಗೆಯ ಕೈ ಹಿಡಿದುಕೊಂಡು ಕಣ್ಣೊರೆಸಿಕೊಂಡರು. ಮಗ ಓದಿ ಮುಗಿಸಿದ ಪುಸ್ತಕಗಳ ಒಂದು ಪೆಟ್ಟಿಗೆಯನ್ನು ಮರುದಿನವೇ ಅಂಗಡಿಗೆ ಕಳಿಸಿದರು.

ಗ್ರಂಥಾಲಯದಲ್ಲಿ ಮಕ್ಕಳಿಗೆ ಕೆಳಗಿನ ಕೋಣೆ ಮಾತ್ರ, ಮೇಲಿನ ಅಂತಸ್ತು ದೊಡ್ಡವರದು ಎಂದರು. ಯಾಕಮ್ಮ ಕೆಳಗಿನ ಕೋಣೆಯನ್ನು ಆಗಲೇ ಓದಿ ಮುಗಿಸಿದ್ದಳು. ಅತ್ತಿಗೆ ವಾದ ಮಾಡಲಿಲ್ಲ. ತಲೆಯೆತ್ತಿ ಕಿಟಕಿಗಳನ್ನು ನೋಡಿದರು. "ಈ ಪರದೆ ಒಗೆದು ಎಷ್ಟು ಕಾಲ ಆಯ್ತು ಸಾರ್?" ಎಂದರು. ಗ್ರಂಥಪಾಲಕರಿಗೆ ನೆನಪಿರಲಿಲ್ಲ. ಅಣ್ಣ ಆ ಪರದೆಗಳನ್ನು ಒಗೆದಾಗ ಅವು ನೀಲಿ ಬಣ್ಣದವು ಎಂದು ಗೊತ್ತಾಗಿ ಗ್ರಂಥಾಲಯದವರೇ ಬೆರಗಾದರು. ಮೇಲಿನ ಅಂತಸ್ತಿನ ಕಿಟಕಿ ಪಕ್ಕದ ಕುರ್ಚಿ ಅಂದಿನಿಂದ ಯಾಕಮ್ಮನದು.

ಆದರೆ ಪುಸ್ತಕ ತಿರುಗಿ ಮಾತಾಡುವುದಿಲ್ಲ. ಮಗುವಿಗೆ ಮಾತಾಡುವ ಜನ ಬೇಕಿತ್ತು. ಆಗ ಅತ್ತಿಗೆ ಮಾಡಿದ ಕೆಲಸ ನೋಡಿ. ಒಗೆದ ಬಟ್ಟೆಯ ಗಂಟಿಗೆ ಚುಚ್ಚುವ ಚೀಟಿಯಲ್ಲಿ ಒಂದು ಬದಿಗೆ ನಂಬರು ಇರುತ್ತದೆ, ಇನ್ನೊಂದು ಬದಿ ಖಾಲಿ. ಆ ಖಾಲಿ ಬದಿಗೆ ಮಗಳ ಪ್ರಶ್ನೆ ಬರೆದು ಕಳಿಸತೊಡಗಿದರು. ಕೆಳಗೆ ಒಂದು ಸಾಲು: ನಿಮಗೆ ಗೊತ್ತಿದ್ದರೆ ದಯವಿಟ್ಟು ಬಂದು ಹೇಳಿ.

"ಜನ ನಗ್ತಾರೆ ಅತ್ತಿಗೆ," ಎಂದೆ.

"ನಗಲಿ ಬಿಡು. ನಕ್ಕೋರು ಒಂದ್ಸಲ ಓದಿರ್ತಾರಲ್ಲ."

ಮೊದಲ ಪ್ರಶ್ನೆ: ಒದ್ದೆ ಬಟ್ಟೆ ಯಾಕೆ ಕಪ್ಪಗೆ ಕಾಣುತ್ತದೆ? ನಾನು ಹುಟ್ಟಿದಾಗಿನಿಂದ ಒದ್ದೆ ಬಟ್ಟೆ ನೋಡುತ್ತಿದ್ದೇನೆ, ಒಂದು ದಿನವೂ ಇದು ನನ್ನ ತಲೆಗೆ ಬಂದಿರಲಿಲ್ಲ. ಕೆಲವರು ನಕ್ಕರು. ಒಬ್ಬ ಮಹಾಶಯ ಚೀಟಿಯನ್ನು ವಾಪಸ್ ತಂದು "ಅದು ಹಾಗೇ" ಎಂದು ಹೇಳಿ ಹೋದ. ಅವನ ಮುಂದಿನ ಗಂಟಿಗೆ ಯಾಕಮ್ಮ "ಯಾಕೆ ಹಾಗೇ?" ಎಂದು ಬರೆದಳು. ಅದರ ಮುಂದಿನದಕ್ಕೂ ಅದನ್ನೇ ಬರೆದಳು. ಕೊನೆಗೆ ಆ ಮನುಷ್ಯ ಸೋತು ಒಂದು ವಿಜ್ಞಾನದ ಪುಸ್ತಕ ತಂದು ಕೌಂಟರಿನ ಮೇಲಿಟ್ಟು ಕೈಮುಗಿದ.

ಬಿಳಿ ಕೋಟು ಒಗೆಯಲು ಕೊಡುತ್ತಿದ್ದ ಕನ್ನಡಕದಂಗಡಿಯವರು ಮಾತ್ರ ಒಂದು ಮಧ್ಯಾಹ್ನ ಉಜ್ಜಿ ಮಬ್ಬು ಮಾಡಿದ ಗಾಜಿನ ತುಂಡು ಹಿಡಿದು ಬಂದರು. ಅದರ ಮೇಲೆ ನೀರಿನ ಒಂದು ಹನಿ ಬಿಟ್ಟರು. ಹನಿ ಬಿದ್ದ ಜಾಗ ತಿಳಿಯಾಗಿ ಆಚೆಯ ಗೋಡೆ ಕಂಡಿತು. "ಒರಟು ಜಾಗದಲ್ಲಿ ಬೆಳಕು ಚೆದುರಿ ವಾಪಸ್ ಬರುತ್ತೆ. ನೀರು ಸಂದಿಗೊಂದಿ ತುಂಬಿದ್ರೆ ಬೆಳಕು ಒಳಗೆ ಇಳಿದು ಹೋಗುತ್ತೆ, ನಮ್ಮ ಕಣ್ಣಿಗೆ ವಾಪಸ್ ಬರೋದು ಕಮ್ಮಿ. ಅದಕ್ಕೆ ಕಪ್ಪು," ಎಂದರು. ಯಾಕಮ್ಮ ಕಿಟಕಿಗೆ ಒದ್ದೆ ಬಟ್ಟೆ ಹಿಡಿದು ಅದು ನಿಜವೋ ಸುಳ್ಳೋ ನೋಡಿದಳು. ಕನ್ನಡಕದವರು ಆ ದಿನ ತಮ್ಮ ಅಂಗಡಿಯನ್ನು ಮತ್ತೆ ತೆರೆಯಲು ಹೋಗಲೇ ಇಲ್ಲ.

ಆಮೇಲೆ ಬರುವವರಿಗಾಗಿ ಕೌಂಟರಿನ ಪಕ್ಕ ಒಂದು ಸ್ಟೂಲು ಬಂತು. ವಾದ್ಯವೃಂದದಲ್ಲಿ ದೊಡ್ಡ ತಂತಿವಾದ್ಯ ನುಡಿಸುವವರು, ಬಟ್ಟೆ ಒಣಹಾಕುವ ತಂತಿಯನ್ನು ಅರ್ಧಕ್ಕೆ ಹಿಡಿದು ಮೀಟಿದರೆ ದನಿ ಯಾಕೆ ಮೇಲಕ್ಕೇರುತ್ತದೆ ಎಂಬ ಪ್ರಶ್ನೆಗೆ ತಮ್ಮ ವಾದ್ಯವನ್ನೇ ಹೊತ್ತು ತಂದರು. ಅದು ಬಾಗಿಲಲ್ಲಿ ಸಿಕ್ಕಿಕೊಂಡು, ಅಣ್ಣ ಒಳಗಿನಿಂದ ಎಳೆದು ನಾನು ಹೊರಗಿನಿಂದ ನೂಕಿ ಒಳಗೆ ತಂದೆವು. ಸೇತುವೆಯ ನಕ್ಷೆ ಬರೆಯುವ ಹೆಂಗಸು ಹ್ಯಾಂಗರುಗಳನ್ನೇ ಜೋಡಿಸಿ ಸೇತುವೆ ಕಟ್ಟಿಸಿದರು. ಪ್ರತಿಯೊಬ್ಬರೂ ಯಾಕಮ್ಮನ ಯಾಕೆಗಳಿಗೆ ಉತ್ತರ ಹೇಳುತ್ತಾ ಹೇಳುತ್ತಾ ಕೊನೆಗೆ ತಮಗೂ ಗೊತ್ತಿಲ್ಲದ ಒಂದು ಸಂಗತಿಗೆ ಬಂದು ನಿಂತು ತಾವೇ ಗಂಟೆ ಹೊಡೆಯುತ್ತಿದ್ದರು. ಅತ್ತಿಗೆಯೂ ಜೊತೆಗೆ ಕೂತು ಕೇಳುತ್ತಿದ್ದರು. ಅರ್ಥವಾಗದಾಗ ಅರ್ಥವಾಗಲಿಲ್ಲ ಎಂದು ಹೇಳುವುದಕ್ಕೆ ಅವರಿಗೆ ಎಳ್ಳಷ್ಟೂ ಸಂಕೋಚವಿರಲಿಲ್ಲ. ನಾನು ಅದನ್ನು ನೋಡಿ ಮೆಚ್ಚಿದೆ, ಮತ್ತು ಮೆಚ್ಚಿದ್ದಕ್ಕೆ ನನ್ನ ಮೇಲೆ ನಾನೇ ಸಿಡುಕಿಕೊಂಡೆ. ಮಗು ಹೊಟ್ಟೆತುಂಬ ತಿನ್ನತೊಡಗಿತ್ತು. ಗಂಟಲು ಹರಿಯುವಷ್ಟು ಮಾತಾಡುತ್ತಿತ್ತು.

ವರ್ಷ ಕಳೆಯಿತು. ಅಧಿಕಾರಿ ಬಂದರು.

ಬೂದು ಕೋಟಿನ, ನೆಟ್ಟಗೆ ಕೂರುವ ಹೆಂಗಸು. ಮೇಲೆ ಮನೆಗೆ ಬನ್ನಿ ಎಂದರೆ, "ಮಗು ಎಲ್ಲಿ ಕಲಿಯುತ್ತೋ ಅಲ್ಲೇ ಕೂತು ನೋಡಬೇಕು," ಎಂದರು. ಹಾಗಾಗಿ ಅದೇ ಸ್ಟೂಲಿನ ಮೇಲೆ ಕೂತರು. ನಾನು ಕ್ಲಿನಿಕ್ಕಿಗೆ ರಜೆ ಹಾಕಿದ್ದೆ. ಅಣ್ಣ ಇಸ್ತ್ರಿ ಆರಿಸಿ ಹಿಂದಿನ ಬಾಗಿಲಲ್ಲಿ ನಿಂತಿದ್ದ. ಅತ್ತಿಗೆ ಮಗಳ ತಲೆ ಬಾಚಿ, ಒಂದು ಮಾತೂ ಹೇಳಿಕೊಡದೆ ಕೂರಿಸಿದ್ದರು. ಯಾಕಮ್ಮನ ಕಣ್ಣುಗಳು ಹೊಳೆಯುತ್ತಿದ್ದವು. ಹೊಸಬರು ಬಂದಾಗಲೆಲ್ಲ ಹಾಗೆಯೇ.

"ಒಂದು ಅಂಗಿಗೆ ಏಳು ಗುಂಡಿ. ಹನ್ನೆರಡು ಅಂಗಿಗೆ ಎಷ್ಟು?" ಎಂದು ಕೇಳಿದರು ಅಧಿಕಾರಿ.

ಯಾಕಮ್ಮ ಕೈ ಚಾಚಿ ಟಿಂಗ್ ಎಂದು ಗಂಟೆ ಹೊಡೆದು, "ಗೊತ್ತಿಲ್ಲ," ಎಂದಳು.

ಅಧಿಕಾರಿ ಹುಬ್ಬೇರಿಸಿ ಮುಂದಿನದಕ್ಕೆ ಹೋದರು. ಮುಕ್ಕಾಲಿನಲ್ಲಿ ಎಷ್ಟು ಕಾಲುಗಳಿವೆ? ಟಿಂಗ್, ಗೊತ್ತಿಲ್ಲ. ಮಂಜುಗಡ್ಡೆ ನೀರಿನ ಮೇಲೆ ಯಾಕೆ ತೇಲುತ್ತದೆ? ಇದನ್ನು ನನಗೆ ಊಟದ ನಡುವೆ ಲೋಟ ಎತ್ತಿ ತೋರಿಸಿ ತಲೆ ತಿಂದವಳು ಇವಳೇ. ಟಿಂಗ್, ಗೊತ್ತಿಲ್ಲ. ಪ್ರತಿ ಸಲವೂ ನಗುಮುಖದಿಂದ, ಅತಿಥಿಗೆ ಇನ್ನೊಂದು ಲೋಟ ನೀರು ಕೊಡುವಷ್ಟು ಸಂತೋಷದಿಂದ ಹೇಳುತ್ತಿದ್ದಳು. ನನಗೆ ಆ ಗಂಟೆಯನ್ನು ಎತ್ತಿ ಬೀದಿಗೆ ಎಸೆಯಬೇಕೆನಿಸಿತು. ಬಾಯಿ ತೆರೆದೆ. ಅತ್ತಿಗೆ ನನ್ನ ಮುಂಗೈ ಹಿಡಿದರು. ಕೊನೆಯ ಪ್ರಶ್ನೆಯವರೆಗೂ ಬಿಡಲಿಲ್ಲ.

ಅಧಿಕಾರಿ ಕಾಗದಗಳನ್ನು ಚೀಲಕ್ಕೆ ಸೇರಿಸಿದರು. ಕೆಟ್ಟ ದನಿಯೇನಲ್ಲ ಅವರದು. "ನೋಡಿ, ನಾನು ಕಂಡಿದ್ದನ್ನ ಬರೀಬೇಕಾಗುತ್ತೆ. ನೀವು ಕಷ್ಟಪಟ್ಟಿದ್ದೀರ, ಅದು ಕಾಣುತ್ತೆ. ಆದ್ರೆ ಮಗುಗೆ ಇನ್ನು ಶಾಲೆನೇ ಸರಿ," ಎಂದು ಎದ್ದರು.

ಅವರು ಎದ್ದದ್ದೇ ತಡ, ಯಾಕಮ್ಮನ ಮುಖ ಬಾಡಿತು. ಸೋತದ್ದಕ್ಕಲ್ಲ ಎಂದು ನನಗೂ ಕಂಡಿತು. ಅವಳು ನೋಡುತ್ತಿದ್ದದ್ದು ಖಾಲಿಯಾದ ಸ್ಟೂಲನ್ನು. "ಹೊರಟ್ರಾ?" ಎಂದಳು.

ಅತ್ತಿಗೆ ಅಳಲಿಲ್ಲ, ಗೋಗರೆಯಲಿಲ್ಲ. ಮಗಳ ಎದುರಿಗೆ ಕೂತು, ಕಲೆ ಎಲ್ಲಿಂದ ಬಂತು ಎಂದು ಗಿರಾಕಿಯನ್ನು ಕೇಳುವಷ್ಟೇ ಮೆಲ್ಲಗೆ ಕೇಳಿದರು.

"ಅವರು ಕೇಳಿದ್ದು ನಿಂಗೆ ಗೊತ್ತಿತ್ತಾ ಕಂದ?"

"ಗೊತ್ತಿತ್ತು."

"ಎಲ್ಲಾ?"

"ಎಲ್ಲಾ."

"ಮತ್ತೆ ಗಂಟೆ ಯಾಕೆ ಹೊಡ್ದೆ?"

ಯಾಕಮ್ಮ ಅಮ್ಮನನ್ನು ಆಶ್ಚರ್ಯದಿಂದ ನೋಡಿದಳು, ಇಷ್ಟೂ ತಿಳಿಯದೇ ಎನ್ನುವ ಹಾಗೆ. "ಗೊತ್ತು ಅಂದ್ರೆ ಸರಿ ಕೂತ್ಕೊ ಅಂತ ಹೇಳಿ ಹೋಗ್ಬಿಡ್ತಾರಲ್ಲಮ್ಮ. ಗೊತ್ತಿಲ್ಲ ಅಂದ್ರೆ ತಾನೆ ಎಲ್ಲಾರೂ ಬರೋದು, ಕೂತ್ಕೊಳ್ಳೋದು."

ನನಗೆ ಕಂಬಿಯ ಮೇಲೆ ಒಟ್ಟಿಗೆ ನೇತಾಡುತ್ತಿದ್ದ ಆ ಒಂಟಿ ನಂಬರಿನ ಕೋಟುಗಳು ನೆನಪಾದವು. ಅವತ್ತು ನಕ್ಕವಳು ನಾನು.

ಅತ್ತಿಗೆ ಎದ್ದು ಅಧಿಕಾರಿಯ ಕಡೆ ತಿರುಗಿದರು. ಬೇರೆ ಯಾರಾದರೂ ಆಗಿದ್ದರೆ ಆ ಹೊತ್ತಿಗೆ ನೋಡಿದಿರಾ, ನನ್ನ ಮಗಳಿಗೆ ಎಲ್ಲ ಗೊತ್ತು ಎಂದು ಎದೆಯುಬ್ಬಿಸುತ್ತಿದ್ದರು. ನಾನಂತೂ ಬೀದಿಗೆ ಕೇಳುವ ಹಾಗೆ ಹೇಳುತ್ತಿದ್ದೆ. ಅತ್ತಿಗೆ ಹೇಳಿದ್ದೇ ಬೇರೆ.

"ತಪ್ಪು ನಂದು ಮೇಡಂ. ಗೊತ್ತಿಲ್ಲ ಅಂತ ಹೇಳೋಕೆ ನಾಚ್ಕೋಬಾರ್ದು ಅಂತ ಕಲಿಸ್ದೆ. ಗೊತ್ತಿದೆ ಅಂದ್ರೂ ಜನ ಜೊತೇಲಿ ಕೂತಿರ್ತಾರೆ ಅನ್ನೋದನ್ನ ಕಲಿಸೋಕೆ ನಂಗೆ ಹೊಳೀಲಿಲ್ಲ. ನೀವು ಏನ್ ಬರೀಬೇಕೋ ಬರೀರಿ. ಇದು ಅವಳಿಗೆ ಬರದೇ ಇರೋದಲ್ಲ, ನಾನು ಹೇಳ್ಕೊಡದೇ ಇರೋದು."

ಅನುಮತಿ ಹೋದರೂ ಸರಿ, ಮಗಳ ಕೊರತೆಯನ್ನು ತನ್ನ ಮೈಮೇಲೆ ಎಳೆದುಕೊಂಡು ನಿಂತ ಆ ಹೆಂಗಸನ್ನು ನೋಡಿ ನನಗೆ ಹೆಮ್ಮೆಯಾಯಿತು. ಇದನ್ನು ಅವರಿಗೆ ನಾನಿನ್ನೂ ಹೇಳಿಲ್ಲ.

ಅಧಿಕಾರಿ ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದರು. ಹೊರಗೆ ಚಳಿ, ಗಾಳಿ. ಅವರು ವಾಪಸ್ ಬಂದು, ಬೂದು ಕೋಟಿನ ಗುಂಡಿಗಳನ್ನು ಒಂದೊಂದಾಗಿ ಬಿಚ್ಚಿ, ಅದನ್ನು ಕೌಂಟರಿನ ಮೇಲೆ ಹಾಸಿದರು.

"ಇದನ್ನ ಇಸ್ತ್ರಿ ಮಾಡೋಕೆ ಎಷ್ಟ್ ಹೊತ್ತು ಬೇಕು?"

ಅತ್ತಿಗೆಗೆ ತಕ್ಷಣ ಅರ್ಥವಾಗಲಿಲ್ಲ. "ಉಣ್ಣೆ ಕೋಟು ಮೇಡಂ. ಒಂದರ್ಧ ಗಂಟೆ."

"ಈ ಚಳೀಲಿ ಕೋಟಿಲ್ದೆ ನಾನು ಎಲ್ಲಿಗೆ ಹೋಗ್ಲಿ?" ಎಂದು ಅವರು ಮತ್ತೆ ಸ್ಟೂಲಿನ ಮೇಲೆ ಕೂತು, ಗಂಟೆಯನ್ನು ಪಕ್ಕಕ್ಕೆ ಸರಿಸಿದರು. "ಈಗ ಹೇಳು. ಹನ್ನೆರಡು ಅಂಗಿ, ಏಳೇಳು ಗುಂಡಿ."

ಯಾಕಮ್ಮ ಕೋಟನ್ನು ನೋಡಿದಳು, ಅವರ ಮುಖ ನೋಡಿದಳು. "ಎಂಬತ್ನಾಲ್ಕು," ಎಂದಳು ಅಳುಕುತ್ತಾ. ಅವರು ಏಳಲಿಲ್ಲ. "ಆದ್ರೆ ಅಂಗಿ ಒಳಗಡೆ ಅಂಚಲ್ಲಿ ಒಂದು ಬಿಡಿ ಗುಂಡಿ ಹೊಲ್ದಿರ್ತಾರೆ. ಅದನ್ನ ಯಾರೂ ಲೆಕ್ಕಕ್ಕೆ ಹಿಡಿಯಲ್ಲ. ಹಿಡಿದ್ರೆ ತೊಂಬತ್ತಾರು." ಆಗಲೂ ಅವರು ಏಳಲಿಲ್ಲ. ಅಣ್ಣ ಕೋಟನ್ನು ಇಸ್ತ್ರಿಗೆ ಒಳಗೆ ಒಯ್ದ. ಆಮೇಲೆ ಕಟ್ಟೆ ಒಡೆಯಿತು. ಮುಕ್ಕಾಲು, ಮಂಜುಗಡ್ಡೆ, ಒದ್ದೆ ಬಟ್ಟೆ, ತಂತಿಯ ದನಿ, ಹ್ಯಾಂಗರಿನ ಸೇತುವೆ. ಒಂಟಿ ನಂಬರುಗಳು ಎಲ್ಲಿಗಾದರೂ ಮುಗಿಯುತ್ತವೆಯೇ, ಇಲ್ಲವಾದರೆ ಯಾಕೆ ಮುಗಿಯುವುದಿಲ್ಲ ಎಂದು ಅವಳು ಹೇಳತೊಡಗಿದಾಗ ಅಧಿಕಾರಿ ಎರಡು ಸಲ ನಿಲ್ಲಿಸಿ ಇನ್ನೊಮ್ಮೆ ಹೇಳಿಸಿಕೊಂಡರು. ಮೂರನೆಯ ಸಲ ತಾವೇ ಕೈ ಚಾಚಿ ಗಂಟೆ ಹೊಡೆದರು.

"ಇದು ನಂಗೆ ಗೊತ್ತಿಲ್ಲ," ಎಂದರು. "ನಿಮ್ಮ ಹಾಗೇ ಮನೇಲಿ ಮಗಳಿಗೆ ಕಲಿಸ್ತಿರೋರು ನದಿ ಆಚೆ ಒಬ್ರಿದ್ದಾರೆ. ಆ ಹುಡುಗಿನೂ ಹೀಗೇ ನಂಬರು ಅಂದ್ರೆ ಪ್ರಾಣ ಬಿಡ್ತಾಳೆ. ಅವಳ ಹತ್ರಾನೂ ಯಾರೂ ಕೂರಲ್ಲ. ಕರ್ಕೊಂಡ್ ಬರ್ಲಾ?"

ಯಾಕಮ್ಮ ಜೋರಾಗಿ ತಲೆಯಾಡಿಸಿದಳು. ಅಧಿಕಾರಿ ಚೀಲದಿಂದ ಕಾಗದ ತೆಗೆದು, ಕಲಿಸುವವರು ಯಾರು ಎಂದು ಬರೆಯುವ ಜಾಗದಲ್ಲಿ ಪೆನ್ನು ನಿಲ್ಲಿಸಿ ಅತ್ತಿಗೆಯನ್ನು ನೋಡಿದರು.

"ಬಟ್ಟೆ ಕೊಡೋಕೆ ಬರೋರು ಅಂತ ಬರೀರಿ," ಎಂದರು ಅತ್ತಿಗೆ.

"ತಾಯಿ ಅಂತ ಬರೀತೀನಿ," ಎಂದರು ಅವರು. ಅದರ ಕೆಳಗೆ, ಮನೆಯಲ್ಲೇ ಮುಂದುವರಿಯಲಿ ಎಂದು ಬರೆದು ಸಹಿ ಮಾಡಿದರು.

ನಾನು ಓಡಿಹೋಗಿ ಅಣ್ಣನಿಗೆ ಹೇಳೋಣ ಎಂದು ಹಿಂದಿನ ಕೋಣೆಗೆ ನುಗ್ಗಿದೆ. ಬೂದು ಕೋಟು ಆಗಲೇ ಮುಗಿದಿತ್ತು, ಹೊಸದರಂತೆ ಕೂತಿತ್ತು. ಅಣ್ಣ ಅದನ್ನು ಮೇಜಿನ ಮೇಲೆ ಮತ್ತೆ ತಿರುವಿ ಹಾಕಿ, ಒಂದು ಸುಕ್ಕೂ ಇಲ್ಲದ ತೋಳಿಗೆ ಮೆಲ್ಲಮೆಲ್ಲಗೆ ಆವಿ ಹಿಡಿಯುತ್ತಿದ್ದ. ಅವನ ಕೆನ್ನೆಯ ಮೇಲೆ ನೀರಿತ್ತು. ಆವಿಯದೋ ಏನೋ, ನಾನು ಕೇಳಲಿಲ್ಲ.

"ಆಯ್ತಲ್ಲೋ, ಕೊಟ್ಬಿಡು," ಎಂದೆ.

"ಸುಮ್ನಿರೇ," ಎಂದ ಅಣ್ಣ. "ಅವಳು ಇನ್ನೂ ಮಾತಾಡ್ತಿದ್ದಾಳೆ."